ತೂಕದಮ್ಮನ ಒಂದು ಕಿಲೋ ಮುನ್ನೂರು ಗ್ರಾಂ

ಸುಗ್ಗಿ ಮುಗಿದು ಚಳಿ ಮೆಲ್ಲಗೆ ಕಾಲಿಟ್ಟಿತ್ತು. ಮನೆಮನೆಗೂ ಹೊಸ ರಾಗಿ ಬಂದಿತ್ತು. ಹಿಟ್ಟಿನ ಗಿರಣಿಯ ಮುಂದೆ ಬೆಳಿಗ್ಗೆ ಏಳಕ್ಕೇ ಚೀಲಗಳು ಸಾಲುಗಟ್ಟಿದ್ದವು. ಒಳಗೆ ಬೆಲ್ಟು ಪಟಪಟ ಬಡಿಯುತ್ತಿತ್ತು, ಕಲ್ಲು ಗರಗರ ತಿರುಗುತ್ತಿತ್ತು. ಗಿರಣಿಯವನು ಹುಬ್ಬು ಮೀಸೆಗೆಲ್ಲ ಹಿಟ್ಟು ಮೆತ್ತಿಕೊಂಡು, ಒಂದು ಕೈಯಲ್ಲಿ ಕಾಳು ಸುರಿಯುತ್ತ, ಇನ್ನೊಂದು ಕೈಯ ಬೆರಳಲ್ಲಿ ಹಿಟ್ಟಿನ ನುಣುಪು ನೋಡುತ್ತಿದ್ದ. ಮೂವತ್ತು ವರ್ಷ ಯಂತ್ರದ ಸದ್ದಿನಲ್ಲೇ ಕಳೆದವನು. ಮನೆಯಲ್ಲಿ ಒಂದು ಲೋಟ ನೀರು ಕೇಳಿದರೂ ಊರಿಗೆಲ್ಲ ಕೇಳುವ ಹಾಗೆ ಕೇಳುತ್ತಿದ್ದ.

ಆ ಗಿರಣಿಯಲ್ಲಿ ಕೂಗದೆ ಕೆಲಸ ಸಾಧಿಸುತ್ತಿದ್ದದ್ದು ಒಂದೇ ಜೀವ: ತೂಕದ ಯಂತ್ರದ ಮೇಲೆ ಮಲಗುವ ಬೂದು ಬೆಕ್ಕು. ವಯಸ್ಸು ಹದಿನಾಲ್ಕು. ಆಗ ತಾನೇ ಬೀಸಿದ ಹಿಟ್ಟು ಬಿಸಿಯಾಗಿರುತ್ತದೆ. ಚೀಲ ತಂದು ತೂಕಕ್ಕಿಟ್ಟ ಕೂಡಲೇ ಅದು ಹತ್ತಿ, ಬೆಚ್ಚಗಿನ ಚೀಲಕ್ಕೆ ಬೆನ್ನು ಕೊಟ್ಟು ಕಣ್ಣು ಮುಚ್ಚುತ್ತಿತ್ತು. ತಣ್ಣಗಿನ ಕಾಳಿನ ಚೀಲವನ್ನು ಮೂಸಿಯೂ ನೋಡುತ್ತಿರಲಿಲ್ಲ. ಜನ ಅದಕ್ಕೆ ತೂಕದಮ್ಮ ಎಂದೇ ಹೆಸರಿಟ್ಟಿದ್ದರು. ಮೊದಮೊದಲು ಗಿರಣಿಯವನು ಅದನ್ನು ಎತ್ತಿ ಕೆಳಗಿಡುತ್ತಿದ್ದ. ಇವನು ಇಳಿಸುವುದು, ಅದು ಹತ್ತುವುದು. ಕೊನೆಗೆ ಸೋತು, ಒಂದು ದಿನ ಬೆಕ್ಕನ್ನಷ್ಟೇ ಇಟ್ಟು ತೂಗಿದ. ನಾಲ್ಕೂವರೆ ಕಿಲೋ ಬಂತು. ಅಂದಿನಿಂದ ಹಿಟ್ಟನ್ನೂ ಬೆಕ್ಕನ್ನೂ ಒಟ್ಟಿಗೇ ತೂಗಿ ನಾಲ್ಕೂವರೆ ಕಳೆಯುವುದು ಆ ಗಿರಣಿಯ ಪದ್ಧತಿಯಾಯಿತು.

"ಬೆಕ್ಕಿಗೂ ಸೇರಿಸಿ ಬೀಸೋ ಕೂಲಿ ಹಾಕ್ಬೇಡಪ್ಪ" ಎಂದು ಜನ ಕಿಚಾಯಿಸುತ್ತಿದ್ದರು.

"ಅದು ನನ್ನ ಪಾಲುದಾರಳು. ಅದರ ಲೆಕ್ಕ ನನಗೆ ಬಿಡಿ" ಎಂದು ಇವನು ಕೂಗುತ್ತಿದ್ದ.

ಈ ಚಳಿಗಾಲದಲ್ಲಿ ಗಿರಣಿಯವನಿಗೆ ಎರಡು ಚಿಂತೆ ಹಿಡಿದಿದ್ದವು. ಒಂದು, ಹಿಟ್ಟು ಕಡಿಮೆ ಬರುತ್ತಿತ್ತು. ಇಪ್ಪತ್ತು ಕಿಲೋ ರಾಗಿ ಬೀಸಿದರೆ ಕಾಲು ಕಿಲೋ ಧೂಳಾಗಿ ಹೋಗುವುದು ಸಹಜ. ಆದರೆ ಒಂದು, ಒಂದೂಕಾಲು ಕಿಲೋ ಹೋಗುವುದೆಂದರೇನು? ಮರ್ಯಾದೆಯ ಪ್ರಶ್ನೆ. ಕಡಿಮೆ ಬಿದ್ದಷ್ಟನ್ನು ತನ್ನ ಡಬ್ಬದಿಂದ ತೆಗೆದು ಗಿರಾಕಿಗಳ ಚೀಲಕ್ಕೆ ಹಾಕುತ್ತಿದ್ದ. ಎರಡು ಸಲ ಕಲ್ಲು ಬಿಚ್ಚಿದ, ಕೊಳವೆ ತಟ್ಟಿ ನೋಡಿದ. ಸೋರಿಕೆ ಎಲ್ಲಿ ಅಂತ ತಿಳಿಯಲೇ ಇಲ್ಲ.

ಎರಡನೆಯದು ಬೆಕ್ಕಿನ ಹೊಟ್ಟೆ.

"ರೀ, ಇವತ್ತು ಮತ್ತೆ ಎರಡು ಸಲ ಕಕ್ಕಿದೆ" ಎಂದಳು ಹೆಂಡತಿ, ನೆಲ ಒರೆಸುತ್ತ.

"ಕೂದಲು ನುಂಗಿರುತ್ತೆ ಬಿಡು."

"ಕೂದಲೆಲ್ಲಿದೆ? ಬರೀ ಹಳದಿ ನೀರು. ಎರಡು ತಿಂಗಳಿಂದ ಇದೇ ಹಾಡು. ಒಂದಿನ ಕಕ್ಕುತ್ತೆ, ಒಂದಿನ ಭೇದಿ, ಒಂದಿನ ಏನೂ ಆಗದ ಹಾಗೆ ಬಾಲ ಎತ್ಕೊಂಡು ಓಡಾಡುತ್ತೆ."

"ವಯಸ್ಸಾಯ್ತು ಕಣೇ. ಮುಪ್ಪಿಗೆ ಮದ್ದುಂಟಾ? ನಮ್ಮಮ್ಮನ್ನೇ ನೋಡು, ಅರ್ಧ ಊಟಕ್ಕೇ ಸಾಕು ಅಂತಾಳೆ."

ಗಿರಣಿಗೆ ಅಂಟಿಕೊಂಡೇ ಇದ್ದ ಮನೆಯ ಕಿಟಕಿಯ ಹತ್ತಿರ ಕೂತು ಕಾಳು ಆರಿಸುತ್ತಿದ್ದ ಅವನ ತಾಯಿ ತಲೆಯೆತ್ತಿದಳು. "ನನ್ನನ್ಯಾಕೋ ಬೆಕ್ಕಿನ ಜೊತೆ ತೂಗ್ತೀಯಾ? ನಾನು ಎಲ್ಲಾದರೂ ಕಕ್ಕಿದ್ದೀನಾ?"

ಮರುದಿನ ಮಧ್ಯಾಹ್ನ, ಊಟದ ಹೊತ್ತಿಗೆ ಯಂತ್ರ ನಿಂತಿದ್ದಾಗ, ಪಶು ಆಸ್ಪತ್ರೆಯ ಕಾಂಪೌಂಡರ್ ಅಕ್ಕ ಒಂದು ಸಣ್ಣ ಚೀಲ ಹಿಡಿದು ಬಂದಳು. ಹಸು, ಕುರಿ, ನಾಯಿ ಅಂತ ಸುತ್ತಲಿನ ಎಲ್ಲ ಮನೆಯ ಹಿತ್ತಿಲೂ ಅವಳಿಗೆ ಗೊತ್ತು. ಹಿಂದಿನ ದಿನವಷ್ಟೇ ಇಪ್ಪತ್ತು ಕಿಲೋ ಬೀಸಿಸಿಕೊಂಡು ಹೋಗಿದ್ದಳು.

"ಅಣ್ಣಾ, ನಿಮ್ಮ ಹಿಟ್ಟು ತಗೊಳ್ಳಿ. ಒಂದು ಕಿಲೋ ಮುನ್ನೂರು ಗ್ರಾಂ ಜಾಸ್ತಿ ಬಂದಿದೆ."

"ಜಾಸ್ತಿಯಾ? ಕಡಿಮೆ ಬಿದ್ದಿದ್ದಕ್ಕೆ ನಾನೇ ಅಷ್ಟು ಹಾಕಿದ್ದಲ್ಲವಾ!"

"ಮೂರು ಮನೆಗೆ ಹಂಚ್ಕೊಳ್ಳೋ ಹಿಟ್ಟು ಇದು. ಚೂರುಚೂರೇ ತೂಗಿ ಹಂಚಿದೀನಿ. ಕಡಿಮೆ ಬಿದ್ದಿರಲಿಲ್ಲ."

ಗಿರಣಿಯವನು ತಲೆ ಕೆರೆದುಕೊಂಡ. ಹಿಟ್ಟು ಉದುರಿತು. "ಮತ್ತೆ ಬೇರೆ ಯಾರೂ ಹೇಳ್ಲಿಲ್ಲ?"

"ಕಡಿಮೆ ಬಂದ್ರೆ ಊರು ಮಾತಾಡುತ್ತೆ ಅಣ್ಣಾ. ಜಾಸ್ತಿ ಬಂದ ಹಿಟ್ಟು ಡಬ್ಬದಲ್ಲಿ ಸುಮ್ಮನೆ ಕೂರುತ್ತೆ." ಅವಳು ನಗುತ್ತ ತೂಕದ ಯಂತ್ರದ ಕಡೆ ತಿರುಗಿದಳು. ನಗು ಅಲ್ಲಿಗೇ ನಿಂತಿತು. ತೂಕದಮ್ಮ ಚೀಲಕ್ಕೆ ಒರಗಿ ಮಲಗಿತ್ತು. ಬೆನ್ನಿನ ಮೂಳೆ ಒಂದೊಂದೂ ಎಣಿಸುವ ಹಾಗಿತ್ತು. "ಅಣ್ಣಾ, ತೂಗುವಾಗ ಇದಕ್ಕೆ ಎಷ್ಟು ಕಳೀತೀರಿ?"

"ನಾಲ್ಕೂವರೆ. ಯಾಕೆ?"

ಅವಳು ಚೀಲವನ್ನು ಕೆಳಗೆ ಎಳೆದಳು. ಬೆಕ್ಕು ಒಂದೇ ಉಳಿಯಿತು. ಮುಳ್ಳು ಅಲ್ಲಾಡಿ ನಿಂತಿತು. ಮೂರು ಕಿಲೋ ಇನ್ನೂರು ಗ್ರಾಂ.

ಗಿರಣಿಯವನಿಗೆ ಲೆಕ್ಕ ಹಾಕಲು ಕಷ್ಟವಾಗಲಿಲ್ಲ. ಮೂವತ್ತು ವರ್ಷ ಅದೇ ಕೆಲಸ. ನಾಲ್ಕೂವರೆಯಲ್ಲಿ ಮೂರೂ ಇನ್ನೂರು ಹೋದರೆ ಒಂದೂ ಮುನ್ನೂರು. ಹಿಟ್ಟು ಎಲ್ಲೂ ಸೋರಿರಲಿಲ್ಲ. ಸೋರಿದ್ದು ಬೆಕ್ಕು. ದಿನಕ್ಕೆ ಇಪ್ಪತ್ತು ಸಲ ಅದು ತೂಕದ ಮೇಲೆ ಕೂತು ತನ್ನ ಕಾಯಿಲೆಯನ್ನು ತೋರಿಸಿತ್ತು. ಅವನು ಇಪ್ಪತ್ತು ಸಲವೂ ಹಳೆಯ ಲೆಕ್ಕವನ್ನೇ ಕಳೆದಿದ್ದ.

"ಅಂಗೈಯಲ್ಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ್ರಂತೆ" ಎಂದಳು ತಾಯಿ ಕಿಟಕಿಯಿಂದ. ಆದರೆ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

ಅವನು ಕೂತುಬಿಟ್ಟ. ಮೊದಲ ಸಲ ಮೆಲ್ಲಗೆ ಮಾತಾಡಿದ. "ವಯಸ್ಸಿಗೆ ಹೀಗಾಗುತ್ತಲ್ವಾ ಅಕ್ಕಾ?"

"ವಯಸ್ಸು ಕಾಯಿಲೆ ಅಲ್ಲ ಅಣ್ಣಾ. ವಯಸ್ಸಾದ ಬೆಕ್ಕು ಸ್ವಲ್ಪ ಸೊರಗಬಹುದು. ಮೈಯ ಕಾಲು ಭಾಗಕ್ಕಿಂತ ಹೆಚ್ಚು ಹೋದ್ರೆ ಅದು ಮುಪ್ಪಲ್ಲ. ಒಳಗೆ ಏನೋ ನಡೀತಿದೆ ಅಂತ ಅರ್ಥ."

ಹೆಂಡತಿ ಒಳಗಿನಿಂದ ಬಂದಳು. ಕೈಯಲ್ಲಿ ಜ್ವರದ ಮಾತ್ರೆ. "ಇದರಲ್ಲಿ ಕಾಲು ಭಾಗ ಅರೆದು ಹಾಲಲ್ಲಿ ಹಾಕೋಣ ಅಂತಿದ್ದೆ ಅಕ್ಕಾ. ನಮಗೆ ಆಗೋ ಮಾತ್ರೆ, ಅದಕ್ಕೆ ಆಗಲ್ವಾ?"

ಕಾಂಪೌಂಡರ್ ಅಕ್ಕ ಸರಕ್ಕನೆ ಮುಂದೆ ಬಂದು ಆ ಮಾತ್ರೆಯನ್ನು ಇಸಿದುಕೊಂಡಳು. "ಬೇಡಮ್ಮಾ, ಬೇಡ. ಜ್ವರಕ್ಕೆ, ನೋವಿಗೆ ನಾವು ನುಂಗೋ ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ. ಒಂದೇ ಮಾತ್ರೆ ಪ್ರಾಣ ತೆಗೆಯಬಹುದು. ಪ್ರೀತಿಯಿಂದ ಕೊಟ್ರೂ ವಿಷ ವಿಷಾನೇ."

ಹೆಂಡತಿ ಒಳಗೆ ತಿರುಗಿ ನೋಡಿದಳು. ಹಾಲಿನ ಬಟ್ಟಲು ಒಲೆಯ ಪಕ್ಕ ಸಿದ್ಧವಾಗಿಯೇ ಇತ್ತು.

ಅಂದು ಮಧ್ಯಾಹ್ನ ಗಿರಣಿ ಬಾಗಿಲು ಹಾಕಿತು. ಹೊಸ ಕಾಳಿನ ದಿನಗಳಲ್ಲಿ ಹಾಗೆ ಹಾಕಿದ್ದು ಅದೇ ಮೊದಲು. ಮುಚ್ಚಳದ ಬುಟ್ಟಿಯಲ್ಲಿ ಹಳೆಯ ಹಿಟ್ಟಿನ ಚೀಲ ಹಾಸಿ, ಪರಿಚಯದ ವಾಸನೆಯ ಮೇಲೆ ತೂಕದಮ್ಮನನ್ನು ಕೂರಿಸಿಕೊಂಡು ಗಂಡ ಹೆಂಡತಿ ಆಸ್ಪತ್ರೆಗೆ ಹೋದರು. ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿದರು. ಬಾಯಿ, ಹಲ್ಲು ನೋಡಿದರು. ರಕ್ತ ತೆಗೆದರು, ಮಲದ ಪರೀಕ್ಷೆ ಮಾಡಿಸಿದರು, ಸ್ಕ್ಯಾನ್ ಮಾಡಿಸಿದರು. ಎರಡು ದಿನ ಬಿಟ್ಟು ಬೆಕ್ಕಿನೊಂದಿಗೆ ಮತ್ತೆ ಕರೆಸಿಕೊಂಡು ಫಲಿತಾಂಶ ಹೇಳಿದರು.

"ಹುಳ ಇಲ್ಲ. ಕಿಡ್ನಿ, ಥೈರಾಯ್ಡ್, ಸಕ್ಕರೆ ಎಲ್ಲ ಸರಿಯಾಗಿದೆ. ಕರುಳು ಸ್ವಲ್ಪ ದಪ್ಪಗಾಗಿದೆ. ಯಾಕೆ ಅಂತ ಖಚಿತವಾಗಿ ಹೇಳ್ಬೇಕಾದ್ರೆ ಹೊಟ್ಟೆ ಕೊಯ್ದು ಚೂರು ತೆಗೆದು ನೋಡ್ಬೇಕು. ಇಷ್ಟು ಬಡಕಲಾಗಿರೋವಾಗ ಈಗಲೇ ಅದು ಬೇಡ. ಊಟ ಬದಲಾಯಿಸೋಣ, ಔಷಧಿ ಕೊಡೋಣ, ಕಾದು ನೋಡೋಣ."

"ಕಾರಣವೇ ಗೊತ್ತಿಲ್ಲ ಅಂದ್ರೆ ಔಷಧಿ ಹೇಗೆ?" ಹೊರಗೆ ಬಂದಮೇಲೆ ಗಿರಣಿಯವನು ಕಾಂಪೌಂಡರ್ ಅಕ್ಕನನ್ನು ಕೇಳಿದ.

"ನಿಮ್ಮ ಯಂತ್ರದಲ್ಲಿ ಹೊಸ ಸದ್ದು ಬರುತ್ತೆ. ಎಲ್ಲಿಂದ ಅಂತ ಗೊತ್ತಾಗಲ್ಲ. ಗುಜರಿಗೆ ಹಾಕ್ತೀರಾ?"

"ಛೆ! ಕಾಳು ಕಡಿಮೆ ಮಾಡ್ತೀನಿ. ನಿಧಾನಕ್ಕೆ ಓಡಿಸ್ತೀನಿ. ಕಿವಿಗೊಟ್ಟು ಕೇಳ್ತೀನಿ."

"ಅಷ್ಟೇ ಅಣ್ಣಾ ಇದೂ."

ಅವನು ಬುಟ್ಟಿಯ ಮುಚ್ಚಳದ ಸಂದಿಯಲ್ಲಿ ಬೆರಳು ತೂರಿಸಿದ. ಒಳಗಿನಿಂದ ಒರಟು ನಾಲಗೆಯೊಂದು ಬೆರಳಿನ ಹಿಟ್ಟು ನೆಕ್ಕಿತು. "ಆ ತೂಕದ ಮೇಲಿನ ಜಾಗ ಖಾಲಿಯಾದ್ರೆ ನಾನು ಎಷ್ಟಂತ ಕಳೀಲಿ ಅಕ್ಕಾ?" ಎಂದ.

ಮನೆಗೆ ಬಂದು ಮೂವರನ್ನೂ ಕೂರಿಸಿಕೊಂಡು ಅಕ್ಕ ಕೇಳಿದಳು. "ನಿಜ ಹೇಳಿ. ಇದಕ್ಕೆ ಯಾರ್ಯಾರು ಏನೇನು ಕೊಡ್ತೀರಿ?"

ಹೆಂಡತಿ ಹಾಲು ಅಂದಳು. ತಾಯಿ ಬೆಣ್ಣೆ ಅಂದಳು, ಚೂರೇ ಚೂರು. ಗಿರಣಿಯವನು ಜೇಬಿನ ಮೇಲೆ ಕೈ ಮುಚ್ಚಿಕೊಂಡ. ಹೆಂಡತಿ ಅವನ ಅಂಗಿಯ ಜೇಬಿಗೆ ಕೈ ಹಾಕಿದಳು. ಒಣಮೀನು!

"ಅದಕ್ಕೇ ಒಗೆದ ಬಟ್ಟೆಯೆಲ್ಲ ನಾರೋದು!"

"ತಿನ್ನಲ್ಲ ಅಂತ ಕೊಟ್ಟೆ ಕಣೇ..."

"ಮೂರು ಕೈ, ಮೂರು ಊಟ" ಎಂದಳು ಅಕ್ಕ. "ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಯಾವುದರಿಂದ ಕಕ್ತು ಅಂತ ಹೇಗೆ ತಿಳೀಬೇಕು? ಇನ್ನುಮುಂದೆ ಡಾಕ್ಟರಮ್ಮ ಹೇಳಿದ ಊಟ ಒಂದೇ. ಒಬ್ಬರೇ ಕೊಡಿ. ಸ್ವಲ್ಪ ಬೆಚ್ಚಗೆ ಮಾಡಿ, ಒಂದೇ ಸಲ ಗುಡ್ಡೆ ಹಾಕದೆ ದಿನಕ್ಕೆ ಐದಾರು ಸಲ ಪುಟ್ಟ ಪುಟ್ಟ ತುತ್ತು. ಹಾಲು ಬೇಡ, ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಅದು ಅರಗಲ್ಲ. ನೀರು ಎರಡು ಕಡೆ ಇಡಿ. ಹೊಟ್ಟೆ ಸರಿಯಿಲ್ಲ ಅಂತ ಉಪವಾಸ ಹಾಕ್ಬೇಡಿ. ಬೆಕ್ಕು ಎರಡು ಮೂರು ದಿನ ತಿನ್ನದಿದ್ರೆ ಲಿವರ್ ಕೆಡುತ್ತೆ. ಒಂದು ದಿನ ಪೂರ್ತಿ ಬಾಯಿಗೆ ಏನೂ ಇಡದಿದ್ರೆ ಬುಟ್ಟಿ ಎತ್ಕೊಂಡು ಬನ್ನಿ. ಕಕ್ಕಿದ್ರೆ, ಭೇದಿಯಾದ್ರೆ ಬರೆದಿಡಿ. ವಾರಕ್ಕೊಮ್ಮೆ ತೂಗಿ. ಯಂತ್ರ ಅಂತೂ ಮನೇಲೇ ಇದೆ!"

ಅಂದಿನಿಂದ ತೂಕದ ಯಂತ್ರದ ಹಿಂದಿನ ಗೋಡೆ ತೂಕದಮ್ಮನ ಪುಸ್ತಕವಾಯಿತು. ಪ್ರತಿ ಶನಿವಾರ ಸೀಮೆಸುಣ್ಣದಲ್ಲಿ ಒಂದು ಸಂಖ್ಯೆ. ಕಕ್ಕಿದ ದಿನಕ್ಕೊಂದು ಸುನ್ನೆ. ವಾರಕ್ಕೊಂದು ವಿಟಮಿನ್ ಚುಚ್ಚುಮದ್ದನ್ನು ಅಕ್ಕನೇ ಬಂದು ಹಾಕುತ್ತಿದ್ದಳು. ಗಿರಾಕಿಗಳು ತಮ್ಮ ಹಿಟ್ಟಿಗಿಂತ ಮೊದಲು ಗೋಡೆ ನೋಡತೊಡಗಿದರು.

ಮೂರೂ ಇನ್ನೂರು. ಮೂರೂ ಇನ್ನೂರೈವತ್ತು. ಮೂರೂ ನಾನೂರು. ನಾಲ್ಕನೆಯ ಶನಿವಾರ ಮೂರೂ ಇನ್ನೂರೈವತ್ತಕ್ಕೆ ಇಳಿಯಿತು. ಎರಡು ಸುನ್ನೆಯೂ ಬಿದ್ದವು. ಗಿರಣಿಯವನು ಸೀಮೆಸುಣ್ಣ ಹಿಡಿದು ಗೋಡೆಯ ಮುಂದೆ ನಿಂತೇ ಇದ್ದ.

"ನಾನೇ ಕಣೋ" ಎಂದಳು ತಾಯಿ. "ಬೆಣ್ಣೆ ಕೊಟ್ಟೆ. ಹತ್ತಿರ ಬಂದು ಕೂತು ನನ್ನ ಮುಖವನ್ನೇ ನೋಡ್ತು. ಇಬ್ಬರು ಮುದುಕಿಯರು, ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ."

ಅವನು ಕೂಗಲಿಲ್ಲ. ತಾಯಿಯ ಪಕ್ಕ ಕೂತ. "ಮುಖ ನೋಡಿದ್ರೆ ತಲೆ ಸವರಮ್ಮಾ. ಅದು ಎಷ್ಟು ಕೊಟ್ರೂ ಹೊಟ್ಟೆ ಕೆಡಲ್ಲ."

ಆಮೇಲೆ ತಾಯಿಯ ಮಡಿಲಿನಲ್ಲಿ ಬೆಣ್ಣೆಯ ಬದಲು ಹಳೆಯ ಬಾಚಣಿಗೆಯೊಂದು ಇರತೊಡಗಿತು.

ಬಿಸಿಲು ಬಲಿಯುವ ಹೊತ್ತಿಗೆ ಗೋಡೆಯ ಮೇಲೆ ಮೂರೂ ಒಂಬೈನೂರು ಎಂದು ಬಿತ್ತು. ಈಗಲೂ ತಿಂಗಳಿಗೊಂದೆರಡು ಸುನ್ನೆ ಬೀಳುತ್ತವೆ. ಕಾಯಿಲೆಗೆ ಹೆಸರು ಸಿಕ್ಕಿಲ್ಲ. "ಹಳೆಯ ತೂಕ ಪೂರ್ತಿ ಬರದೇ ಹೋಗಬಹುದು, ಆದ್ರೆ ನೆಮ್ಮದಿಯಾಗಿದೆ" ಎಂದಿದ್ದಾರೆ ಡಾಕ್ಟರಮ್ಮ. ತೂಕದಮ್ಮ ಮತ್ತೆ ತಾನೇ ಹಾರಿ ಬಿಸಿ ಚೀಲಕ್ಕೆ ಬೆನ್ನು ಕೊಡುತ್ತದೆ. ಗಿರಣಿಯವನು ಗೋಡೆ ನೋಡಿ, ಆ ವಾರದ ತೂಕವನ್ನೇ ಕಳೆಯುತ್ತಾನೆ.

ಇನ್ನು ಆ ಹಿಟ್ಟಿನ ಕಥೆ. ಹೆಚ್ಚು ಬಂದ ಒಂದೂ ಮುನ್ನೂರನ್ನು ಗಿರಣಿಯವನು ಏನು ಮಾಡಿದರೂ ವಾಪಸು ತೆಗೆದುಕೊಳ್ಳಲಿಲ್ಲ. "ಅದಿಲ್ಲದಿದ್ರೆ ನನ್ನ ಕಣ್ಣು ತೆರೀತಿತ್ತಾ?" ಎಂದ. ಅಕ್ಕನೂ ಬಿಡುವವಳಲ್ಲ. "ಸರಿ, ಬೆಕ್ಕು ಎಷ್ಟು ತುಂಬಿಕೊಳ್ಳುತ್ತೋ ಅಷ್ಟು ಹಿಟ್ಟು ವಾಪಸು" ಎಂದು ಪಂದ್ಯ ಕಟ್ಟಿದಳು. ನೂರು ಗ್ರಾಂ ಏರಿದಾಗೆಲ್ಲ ತನ್ನ ಚೀಲದಿಂದ ನೂರು ಗ್ರಾಂ ತೆಗೆದು ಅವನ ಡಬ್ಬಕ್ಕೆ ಹಾಕಿದಳು. ಇಲ್ಲಿಯವರೆಗೆ ಏಳುನೂರು ತೀರಿದೆ. ಆರುನೂರು ಬಾಕಿ. ಅದು ತೀರುತ್ತದೆಂದು ಇಬ್ಬರಿಗೂ ಭರವಸೆಯಿಲ್ಲ, ಬೇಸರವೂ ಇಲ್ಲ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಂದು ಮುದಿ ಬೆಕ್ಕು ಇರಬಹುದು. ಮತ್ತೆ ಮತ್ತೆ ಕಕ್ಕುತ್ತಿದ್ದರೆ, ಭೇದಿಯಾಗುತ್ತಿದ್ದರೆ, ಊಟ ಬಿಟ್ಟಿದ್ದರೆ "ವಯಸ್ಸಾಯ್ತು" ಅನ್ನಬೇಡಿ. ನಿಮ್ಮ ಮಾತ್ರೆ ಅದಕ್ಕೆ ಕೊಡಬೇಡಿ. ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ಕಾಯಿಲೆಯ ಹೆಸರು ಸಿಗದಿದ್ದರೂ ಆರೈಕೆಗೆ ದಾರಿ ಸಿಗುತ್ತದೆ. ಮನೆಯಲ್ಲಿ ತೂಕದ ಯಂತ್ರ ಇಲ್ಲವೇ? ಪಕ್ಕದ ಅಂಗಡಿಯಲ್ಲಿ ಕೇಳಿ, ಕೊಡುತ್ತಾರೆ. ನಾಳೆ ನೋಡೋಣ ಅನ್ನದೆ ಇವತ್ತೇ ಅದನ್ನು ಎತ್ತಿಕೊಳ್ಳಿ, ಬೆನ್ನಿನ ಮೇಲೆ ಕೈಯಾಡಿಸಿ. ನಿಮ್ಮ ಮನಸ್ಸಿನಲ್ಲಿರುವುದು ಅದರ ಹಳೆಯ ತೂಕ. ನಿಮ್ಮ ಕೈಗೆ ಸಿಗುವುದು ಇವತ್ತಿನದು.