ಕಡಲ ಹೂವಿಗೆ ಕಾವಲು

ಯರ್ರಿಸ್ವಾಮಿ ಮೂರನೆಯ ಕಿಟಕಿಗೂ ಗೋಣಿಚೀಲ ಹೊದಿಸಿ ಮೊಳೆ ಹೊಡೆದಾಗ, ಪ್ರಾಣಿಶಾಸ್ತ್ರದ ಕೊಠಡಿಯಲ್ಲಿ ಬೆಳಗಿನ ಹನ್ನೊಂದಕ್ಕೇ ಸಂಜೆಯಾಯಿತು. ಸಿರುಗುಪ್ಪದಲ್ಲಿ ಪರದೆ ಬಟ್ಟೆಗೆ ಬರವಿರಬಹುದು, ಅಕ್ಕಿ ತುಂಬಿದ ಗೋಣಿಗೆ ಎಂದೂ ಇಲ್ಲ. ನೇಯ್ಗೆಯ ಸಂದಿನಿಂದ ಬಿಸಿಲು ಸಣ್ಣ ಸಣ್ಣ ಚುಕ್ಕಿಯಾಗಿ ಇಳಿದು ಹುಡುಗಿಯರ ಹೆರಳ ಮೇಲೆ ಕೂತಿತು.

"ಇಷ್ಟು ಸಾಕೇನ್ರಿ ಮೇಡಮ್ಮಾರ?" ಎಂದು ಅಟೆಂಡರ್ ಯರ್ರಿಸ್ವಾಮಿ ಸುತ್ತಿಗೆ ಹಿಡಿದೇ ಕೇಳಿದ. ಫರ್ಹತ್ ತಲೆಯಾಡಿಸಿದರು. ಅವರು ಮಾತಾಡುವಂತಿರಲಿಲ್ಲ.

ಇಪ್ಪತ್ತಾರು ವರ್ಷ ಆ ಧ್ವನಿಗೆ ಮೈಕು ಬೇಕಾಗಿರಲಿಲ್ಲ. ಫರ್ಹತ್ ಮೇಡಂ ಪಾಠ ಶುರುಮಾಡಿದರೆ, ಗೇಟಿನಾಚೆ ಬಸ್ಸಿಗೆ ಕಾದವರಿಗೂ ಕಪ್ಪೆಯ ಹೃದಯಕ್ಕೆ ಮೂರೇ ಕೋಣೆ ಎಂಬುದು ಗೊತ್ತಾಗಿಬಿಡುತ್ತಿತ್ತು. ಈಗ ಧ್ವನಿತಂತುಗಳ ಮೇಲೆ ರಾಗಿಕಾಳಿನಷ್ಟು ಗಂಟು ಎದ್ದಿತ್ತು. "ಮೂರು ತಿಂಗಳು ಪಿಸುಮಾತೂ ಬೇಡ" ಎಂದು ಬಳ್ಳಾರಿಯ ಡಾಕ್ಟರು ಹೇಳಿದ್ದರು. ಮಾತು ಬೆಳ್ಳಿ, ಮೌನ ಬಂಗಾರ ಎಂದವರು ಯಾರೋ, ಮೇಷ್ಟ್ರ ಕೆಲಸ ಮಾಡಿದವರಂತೂ ಅಲ್ಲ.

ಪ್ರಿನ್ಸಿಪಾಲ್ ವಾಸುದೇವ ಕೆಟ್ಟ ಮನುಷ್ಯರಲ್ಲ. ಕುರ್ಚಿ ಎಳೆದು ಕೂರಿಸಿಯೇ ಹೇಳಿದ್ದರು: "ತಪ್ಪು ತಿಳೀಬ್ಯಾಡ್ರಿ ಮೇಡಂ. ಬಾಯಿಲ್ದ ಪಾಠ ಹೆಂಗ ನಡೀತದ? ಅತಿಥಿ ಉಪನ್ಯಾಸಕರೊಬ್ಬರು ಬರ್ತಾರ. ನೀವು ಅಲ್ಲೀತನಕ ಲೈಬ್ರರಿ ನೋಡ್ಕೋರಿ."

ಫರ್ಹತ್ ಕೈಚೀಲದಿಂದ ಪಾಟಿ ತೆಗೆದು ಬಳಪದಿಂದ ಬರೆದಿದ್ದರು: "ವಿಡಿಯೊ ಹಚ್ಚಿ ಕಲಿಸ್ತೀನಿ. ಒಂದು ವಾರ ಕೊಡ್ರಿ."

"ಶನಿವಾರ ನಾನೇ ಬಂದು ನೋಡ್ತೀನಿ" ಎಂದಿದ್ದರು ವಾಸುದೇವ. ಹಾಗೆನ್ನುವಾಗಲೂ ಅತಿಥಿ ಉಪನ್ಯಾಸಕರ ನೇಮಕಾತಿ ಆದೇಶದ ಲಕೋಟೆ ಅವರ ಮೇಜಿನ ಮೇಲೇ ಇತ್ತು. ಫರ್ಹತ್‌ಗೆ ಹೆದರಿಕೆಯಾಯಿತು. ಗಂಟಲು ಹೋದದ್ದಕ್ಕಿಂತ ಹೆಚ್ಚಾಗಿ, ಕ್ಲಾಸು ಹೋದರೆ ತನಗೇನು ಉಳಿಯಿತು ಎಂಬ ಹೆದರಿಕೆ ಅದು.

ವಾರವಿಡೀ ಬಳ್ಳಾರಿ ಕಂಟೋನ್ಮೆಂಟಿನ ಮನೆಯ ಮೆಟ್ಟಿಲ ಮೇಲೆ ಕೂತು ಮೊಬೈಲಿನಲ್ಲಿ ಸಮುದ್ರ ಹುಡುಕಿದರು. ಒಂದು ವಿಡಿಯೊದಲ್ಲಿ ಒಬ್ಬ ರೈಲು ತಪ್ಪಿಹೋಗುತ್ತದೇನೋ ಎಂಬಂತೆ ಇಂಗ್ಲಿಷು ಓಡಿಸುತ್ತಿದ್ದ. ಇನ್ನೊಬ್ಬನಿಗೆ ಪರೀಕ್ಷೆಗೆ ಬರುವ ಐದು ಪ್ರಶ್ನೆಯಾಚೆ ಲೋಕವೇ ಇರಲಿಲ್ಲ. ಮತ್ತೊಂದರಲ್ಲಿ ತಿಮಿಂಗಿಲ ಬಾಯಿ ತೆರೆಯುವಷ್ಟರಲ್ಲಿ ಸಾಬೂನಿನ ಜಾಹೀರಾತು ನುಗ್ಗಿತು.

"ಅಷ್ಟು ಏನ್ ಹುಡುಕಾಕತ್ತೀ?" ಎಂದು ಗಂಡ ದಾದಾಪೀರ್ ಚಹಾ ತಂದಿಟ್ಟು ಕೇಳಿದರು.

"ನನ್ನಂಗ ಮಾತಾಡೋರ್ನ" ಎಂದು ಫರ್ಹತ್ ಬರೆದರು.

ದಾದಾಪೀರ್ ನಕ್ಕರು. "ನಿನ್ನಂಗ ಮಾತಾಡಾರು ಎಲ್ಲಿ ಸಿಗ್ತಾರ? ಸುಮ್ನ ಇರಾದು ಹುಡುಕು."

ಹುಡುಕಿದರೆ ಸಿಕ್ಕಿತು. ಯಾವುದೋ ದೂರದ ಸಮುದ್ರದ ತಳದಲ್ಲಿ ಯಾರೋ ಕ್ಯಾಮೆರಾ ಇಟ್ಟು ಮರೆತು ಹೋದ ಹಾಗೆ ಒಂದು ನೇರ ಪ್ರಸಾರ. ಮಾತಿಲ್ಲ, ಹಾಡಿಲ್ಲ, ಹಗಲೆಲ್ಲ ನೀರು ಉಸಿರಾಡುತ್ತಿತ್ತು. ಫರ್ಹತ್ ಚಹಾ ಆರಿದ್ದೂ ತಿಳಿಯದೆ ನೋಡಿದರು. ಶನಿವಾರ ಬೆಳಿಗ್ಗೆ ಸಿರುಗುಪ್ಪದ ಬಸ್ಸು ಕುರುಗೋಡು ದಾಟುವಾಗಲೂ ಆ ನೀರು ಅವರ ಕಣ್ಣಲ್ಲೇ ಇತ್ತು. ಗುಡ್ಡದ ಗುಂಡುಕಲ್ಲುಗಳ ನಡುವೆ ನೀಲಿ ತುಂಬಿ, ಹಳದಿ ಮೀನೊಂದು ಬಸ್ಸಿನ ಕಿಟಕಿಯ ಪಕ್ಕದಲ್ಲೇ ಈಜುತ್ತ ಬಂತು. ಅಲ್ಲೇ ಹತ್ತಿದ ವಿದ್ಯಾರ್ಥಿನಿ ಅಂಜನಾ "ನಮಸ್ಕಾರ್ರಿ ಮೇಡಂ" ಎಂದಾಗ ಬೆಚ್ಚಿಬಿದ್ದರು.

ಈಗ ಗೋಡೆಯ ಮೇಲೆ ಅದೇ ಸಮುದ್ರ. ಇಡೀ ಕ್ಲಾಸು ಗಪ್‌ಚಿಪ್. ನೀಲಿ ಬೆಳಕು ಬೆಂಚುಗಳ ಮೇಲೆ ಹರಿದು, ಹುಡುಗರ ಮುಖಗಳು ತೇಲುತ್ತಿರುವಂತೆ ಕಂಡವು. ಬಂಡೆಯ ಮೇಲೆ ಗುಲಾಬಿ ಬಣ್ಣದ್ದೊಂದು ಅರಳಿ ಎಸಳು ಆಡಿಸುತ್ತಿತ್ತು. ಅದರ ನಡುವೆ ಪಟ್ಟೆ ಪಟ್ಟೆಯ ಪುಟ್ಟ ಮೀನು.

"ಎಂಥಾ ಚಂದ ಹೂವು ನೋಡಲೇ" ಎಂದು ಯಾರೋ ಪಿಸುಗುಟ್ಟಿದರು.

ಅಷ್ಟರಲ್ಲಿ ನೆಟ್ ನಿಂತಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಪ್ರೊಜೆಕ್ಟರ್ ಇದ್ದರೂ ಸಿಗ್ನಲ್ ಇಲ್ಲ. ಮೀನು ಇದ್ದಲ್ಲೇ ಕಲ್ಲಾಯಿತು, ಅದರ ಮೇಲೆ ಬಿಳಿ ಚಕ್ರ ಸುತ್ತತೊಡಗಿತು. ಅದು ಹೂವಲ್ಲ ಎಂದು ಹೇಳಲು ಫರ್ಹತ್ ಅಭ್ಯಾಸಬಲದಿಂದ ಬಾಯಿ ತೆರೆದು, ಕೂಡಲೇ ಮುಚ್ಚಿದರು. ಪಾಟಿಯ ಮೇಲೆ ಬರೆದು ಎತ್ತಿ ಹಿಡಿದರು. ಕತ್ತಲಲ್ಲಿ ಯಾರಿಗೂ ಕಾಣಲಿಲ್ಲ. ಕಿಟಕಿ ಮುಚ್ಚಿಸುವಾಗ ಇದು ಹೊಳೆದಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಗುಸುಗುಸು ಎದ್ದಿತು, ಆಮೇಲೆ ನಗು. ಇನ್ನೇನು ವಾಸುದೇವ ಬರುವ ಹೊತ್ತು. ಫರ್ಹತ್‌ರ ಕಣ್ಣು ತುಂಬಿ ಬಂತು.

"ಅದು ಹೂವಲ್ಲ, ಪ್ರಾಣಿ."

ಬಾಗಿಲ ಕಡೆಯಿಂದ ಬಂದ ಮಾತು. ಹೊರಗಿನ ಸ್ಟೂಲಿನಿಂದ ಯರ್ರಿಸ್ವಾಮಿ ಎದ್ದು ಹೊಸ್ತಿಲಲ್ಲಿ ನಿಂತಿದ್ದ.

"ಕಡಲ ಹೂವು ಅಂತ ಹೆಸರಷ್ಟ. ಎಸಳಲ್ಲ ಅವು, ಕೈ. ಒಂದೊಂದು ಕೈಯಾಗೂ ವಿಷದ ಮುಳ್ಳು. ಮುಟ್ಟಿದ್ರ ತುರಚಿ ಸೊಪ್ಪು ಬಡದಂಗ. ಹೊಟ್ಟಿಗೆ ಒಂದ ಬಾಗಿಲು. ಉಂಬಾಕೂ ಅದ, ಉಗುಳಾಕೂ ಅದ. ಒಂದ ಬಾಗಿಲ ಮನಿ. ತಲಿಗ್ ಹೋತಾ?"

ಎಂದು ಸುತ್ತಿಗೆಯಿಂದ ಬಾಗಿಲ ಚೌಕಟ್ಟಿಗೆ ಎರಡು ಸಲ ಟಕ್ಕೆನಿಸಿದ. ಫರ್ಹತ್ ಎತ್ತಿ ಹಿಡಿದ ಪಾಟಿ ಇಳಿಸಿದರು. ಪಾಠ ತಮ್ಮದು. 'ತಲಿಗ್ ಹೋತಾ' ತಮ್ಮದು. ಕೊನೆಗೆ ಮೇಜಿನ ಮೇಲೆ ಸೀಮೆಸುಣ್ಣ ಎರಡು ಸಲ ಕುಟ್ಟುವುದೂ ತಮ್ಮದೇ. ಹತ್ತೊಂಬತ್ತು ವರ್ಷ ಆ ಸ್ಟೂಲಿನ ಮೇಲೆ ತೂಕಡಿಸುತ್ತಾನೆಂದು ತಾವು ಬೈದುಕೊಂಡಿದ್ದ ಮನುಷ್ಯ ಈತ.

ಗೋಡೆಯ ಮೀನು ಮತ್ತೆ ಆಡಿತು. ಯರ್ರಿಸ್ವಾಮಿ ನಾಚಿ ಹಿಂದೆ ಸರಿದ.

"ಯರ್ರಿಸ್ವಾಮಣ್ಣ, ಹೋಗಬ್ಯಾಡ" ಎಂದಳು ಅಂಜನಾ. "ಆ ಮೀನಿಗೆ ಮುಳ್ಳು ಯಾಕ ಚುಚ್ಚಂಗಿಲ್ಲ?"

"ಮೈಯೆಲ್ಲ ಲೋಳಿ ಐತದಕ್ಕ. ಅದರಾಗ ಮನಿ ಮಾಡಿದ್ರ ದೊಡ್ಡ ಮೀನು ಹತ್ರ ಸುಳಿಯಂಗಿಲ್ಲ."

"ಮತ್ತ, ಜಾಗ ಕೊಟ್ಟಿದ್ದಕ್ಕ ಕಡಲ ಹೂವಿಗೇನು ಸಿಕ್ಕತು?"

ಯರ್ರಿಸ್ವಾಮಿ ತಡವರಿಸಿದ. ಇದು ಯಾವ ವರ್ಷವೂ ಯಾರೂ ಕೇಳದ ಪ್ರಶ್ನೆ. ತಪ್ಪು ಮಾಡಿದ ವಿದ್ಯಾರ್ಥಿಯಂತೆ ಫರ್ಹತ್ ಕಡೆ ನೋಡಿದ. ಅವರು ಬೆಂಚುಗಳ ಸಂದಿಯಿಂದ ಬೇಗ ಬೇಗ ನಡೆದು ಬಂದು, ಬಾಗಿಲ ಬೆಳಕಿಗೆ ಪಾಟಿ ಒಡ್ಡಿ ಬರೆದರು. ಅವನು ಅಕ್ಷರ ಕೂಡಿಸಿ ಓದಿದ:

"ಕಾವಲು. ಹೂವು ತಿನ್ನಾಕ ಬಂದಾರನ್ನ ಈ ಪುಟ್ಟ ಮೀನ ಓಡಸ್ತೈತಿ."

ಆಮೇಲೆ ಪ್ರಶ್ನೆ ಮೇಲೆ ಪ್ರಶ್ನೆ. ಫರ್ಹತ್ ಬರೆಯುತ್ತಿದ್ದರು, ಅಳಿಸುತ್ತಿದ್ದರು. ಅವನು ಓದುತ್ತಿದ್ದ, ನಡುನಡುವೆ ಸುತ್ತಿಗೆ ಕುಟ್ಟುತ್ತಿದ್ದ. ಬಳಪದ ಪುಡಿ ಅವರ ಸೆರಗಿನ ಮೇಲೆಲ್ಲ ಉದುರಿತ್ತು. ಅವರಿಗೆ ನಗು ಬಂತು, ಸದ್ದಿಲ್ಲದ ನಗು.

ವಾಸುದೇವ ಬಂದು ನಿಂತದ್ದನ್ನು ಯಾರೂ ನೋಡಲಿಲ್ಲ. ಕೈಯಲ್ಲಿ ಆ ನೇಮಕಾತಿ ಆದೇಶದ ಲಕೋಟೆಯಿತ್ತು.

"ಯರ್ರಿಸ್ವಾಮಿ, ಏನ್ ಮಾಡ್ಲಿಕತ್ತೀ ಇಲ್ಲಿ?"

ಯರ್ರಿಸ್ವಾಮಿ ಸುತ್ತಿಗೆಯನ್ನು ಬೆನ್ನ ಹಿಂದೆ ಮರೆಮಾಡಿದ.

"ನಾನೇನಿಲ್ರಿ ಸರ. ಮೇಡಮ್ಮಾರು ಪಾಠ ಮಾಡಾಕತ್ತಾರ್ರಿ. ನಾನು ಕೇಳಾಕತ್ತೀನಿ, ಅಷ್ಟ."

ವಾಸುದೇವ ಅವನನ್ನು ನೋಡಿದರು, ಪಾಟಿಯನ್ನು ನೋಡಿದರು. ಒಳಗೆ ಅಂಜನಾಳ ಕೈ ಇನ್ನೂ ಮೇಲೆಯೇ ಇತ್ತು, ಅವಳ ಪ್ರಶ್ನೆ ಬಾಕಿಯಿತ್ತು. ಫರ್ಹತ್ ಬಳಪ ಹಿಡಿದು ಕಾದರು. ಅತ್ತಿತ್ತ ನೋಡಿದ ವಾಸುದೇವರಿಗೆ ಒಳಗೆ ಎಲ್ಲೂ ಜಾಗ ಕಾಣಲಿಲ್ಲ. ಲಕೋಟೆಯನ್ನು ಎರಡಾಗಿ ಮಡಿಸಿ ಜೇಬಿಗೆ ಸೇರಿಸಿ, ಬಾಗಿಲ ಪಕ್ಕದ ಯರ್ರಿಸ್ವಾಮಿಯ ಸ್ಟೂಲಿನ ಮೇಲೆ ಕೂತರು. ಅವರ ಕನ್ನಡಕದ ಗಾಜಿನಲ್ಲಿ ಒಂದು ಪುಟ್ಟ ಪಟ್ಟೆ ಮೀನು ಆ ಕಡೆಯಿಂದ ಈ ಕಡೆಗೆ ಈಜಿತು.