ಊರಿಗೆಲ್ಲ ಅಣ್ಣ

ಕಂಪನಿಯನ್ನು ಷೇರು ಪೇಟೆಗೆ ಒಯ್ಯುವುದೆಂದರೆ ಮನೆಯನ್ನು ಬಾಡಿಗೆಗೆ ತೋರಿಸಿದಷ್ಟೇ ಸುಲಭ ಎಂದುಕೊಂಡಿದ್ದ ಪ್ಲಾಸ್ಟಿಕ್ ಕುರ್ಚಿ ಕಾರ್ಖಾನೆಯ ಮಾಲೀಕ. ಬೆಳಕಿರುವ ಕೋಣೆಗೆ ಕರೆದೊಯ್ದು, ಸೋರುವ ಗೋಡೆಗೆ ಬೀರು ಅಡ್ಡ ಇಟ್ಟರಾಯಿತು. ಎಲ್ಲಿಯ ಮಾತು! ಷೇರು ಕೊಳ್ಳುವ ಜನರ ಮುಂದಿಡುವ ಪುಸ್ತಕ ಬರೆಯಲು ಬಂದ ವಕೀಲೆ ಬೀರು ಸರಿಸಿ ನೋಡುವ ಹೆಂಗಸು. ಯಾವ ಯಂತ್ರ ಅಡವಿನಲ್ಲಿದೆ, ಯಾವ ಬಣ್ಣದ ಕುರ್ಚಿ ಬಿಸಿಲಿಗೆ ಸೀಳಿತು, ಯಾರು ದಾವೆ ಹಾಕಿದರು ಎಂದು ವಾರಗಟ್ಟಲೆ ಕೆದಕಿದ್ದಳು. ಮಾಲೀಕ ಎಲ್ಲಕ್ಕೂ ಉತ್ತರ ಕೊಟ್ಟಿದ್ದ. ಪುಸ್ತಕ ಅಂದೇ ಸಂಜೆ ಹೋಗಬೇಕು, ಉಳಿದಿದ್ದು ಬಂಧುಗಳ ಪುಟ ಒಂದೇ.

"ಒಡಹುಟ್ಟಿದವರು?" ಎಂದು ಕೇಳಿದಳು.

"ಯಾರೂ ಇಲ್ಲ. ನಾನೊಬ್ಬನೇ."

ಆಕೆ ಬರೆಯಲಿಲ್ಲ. ಗೇಟಿನ ಕಾವಲುಗಾರನಿಂದ ಹಿಡಿದು ಲೆಕ್ಕ ಬರೆಯುವವರ ತನಕ ಇಲ್ಲಿ ಎಲ್ಲರಿಗೂ ನೀವು ಅಣ್ಣ, ನಾನೇ ಒಮ್ಮೆ ಬಾಯಿ ತಪ್ಪಿ ಅಂದುಬಿಟ್ಟೆ ಎಂದು ನಕ್ಕಳು. "ಆ ಕುರ್ಚಿ ಅಚ್ಚು ಹೊಯ್ಯೋ ವಿಭಾಗದ ಮೇಸ್ತ್ರಿ ಒಬ್ಬರು ಮಾತ್ರ ಸಾರ್ ಅಂತಾರೆ. ಅದ್ಯಾಕೆ?"

ಅವನ ಅಭ್ಯಾಸ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು? ಅವನಿಗೂ ನನಗೂ ಯಾವ ಸಂಬಂಧವೂ ಇಲ್ಲ, ಬೇಕಿದ್ದರೆ ಅವನನ್ನೇ ಕೇಳಿ ಎಂದುಬಿಟ್ಟ. ವಕೀಲೆಯ ನಗು ನಿಂತಿತು. ಸಂಬಂಧದ ಮಾತನ್ನು ನಾನು ಎತ್ತಲೇ ಇಲ್ಲವಲ್ಲ ಎಂದಳು. ಈ ಪುಟದಲ್ಲಿ ಸುಳ್ಳು ಅಚ್ಚಾಗಿ ನಾಳೆ ಹೊರಬಿದ್ದರೆ ಷೇರೂ ಇಲ್ಲ, ಮಾನವೂ ಇಲ್ಲ ಎಂದು ಬಿಡಿಸಿ ಹೇಳಿದಳು. ಆಮೇಲೆ, ಕರೆಸಿ, ನಾನೇ ಕೇಳುತ್ತೇನೆ ಎಂದಳು.

ಕರೆಸುವುದೆಲ್ಲಿ ಬಂತು, ಮಾಲೀಕ ತಾನೇ ಎದ್ದು ಮೆಟ್ಟಿಲಿಳಿದ.

ಮೇಸ್ತ್ರಿ ಅವನ ತಮ್ಮ. ತಾಯಿ ಬೇರೆ, ತಂದೆ ಒಬ್ಬನೇ. ಅಪ್ಪನಿಗೆ ಇನ್ನೊಂದು ಮನೆಯಿತ್ತೆಂದು ಮಾಲೀಕನಿಗೆ ತಿಳಿದದ್ದೇ ಅಪ್ಪ ಸತ್ತ ಮೇಲೆ, ಈ ತಮ್ಮ ಕೆಲಸ ಕೇಳಿಕೊಂಡು ಬಾಗಿಲಿಗೆ ಬಂದಾಗ. ಕೆಲಸವೇನೋ ಕೊಟ್ಟ, ಜೊತೆಗೊಂದು ಷರತ್ತನ್ನೂ ಹಾಕಿದ. ಇಲ್ಲಿ ಎಲ್ಲರೂ ನನ್ನನ್ನು ಅಣ್ಣ ಅಂತಾರೆ, ನೀನೊಬ್ಬ ಮಾತ್ರ ಅನ್ನಬೇಡ. ತನ್ನ ಅಮ್ಮನ ಕಿವಿಗೆ ಬಿದ್ದರೆ ಎದೆಯೊಡೆದುಕೊಳ್ಳುತ್ತಾಳೆ ಎಂಬುದು ಆಗಿನ ಕಾರಣ. ಅಮ್ಮ ತೀರಿಕೊಂಡು ವರ್ಷಗಳೇ ಆದವು, ಷರತ್ತು ಮಾತ್ರ ಗಟ್ಟಿಮುಟ್ಟಾಗಿ ಉಳಿಯಿತು. ನಾಚಿಕೆಗೇಡು, ಇನ್ನೇನು. ಆದರೆ ಮಾಲೀಕನಿಗೆ ಅದು ಹಿತವಾಗಿಯೇ ಇತ್ತು.

ಕೆಳಗೆ ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಅಡರುತ್ತಿತ್ತು. ಮೇಸ್ತ್ರಿ ಆಗತಾನೇ ಅಚ್ಚಿನಿಂದ ಇಳಿದ ಕುರ್ಚಿಯ ಅಂಚನ್ನು ಚಾಕುವಿನಿಂದ ಹೆರೆಯುತ್ತ ನಿಂತಿದ್ದ. ಮಾಲೀಕ ಯಂತ್ರದ ಸದ್ದಿನಲ್ಲಿ ಅವನ ಕಿವಿಗೆ ಬಾಯಿಟ್ಟು ಹೇಳಿದ.

"ಮೇಲೆ ವಕೀಲರು ಕೇಳ್ತಾರೆ. ನಿನಗೂ ನನಗೂ ಏನೂ ಇಲ್ಲ ಅಂದ್ಬಿಡು."

ಮೇಸ್ತ್ರಿ ಚಾಕು ಮಡಚಿ ಜೇಬಿಗಿಳಿಸಿ, ಆಯ್ತು ಸಾರ್ ಎಂದ. ಯಾಕೆ, ಏನು ಎಂದೂ ಕೇಳಲಿಲ್ಲ. ಮಾಲೀಕನಿಗೆ ಸಮಾಧಾನವಾಗಬೇಕಿತ್ತು, ಆದರೆ ಮೆಟ್ಟಿಲು ಹತ್ತುವಾಗ ಅದನ್ನೇ ಇನ್ನೊಮ್ಮೆ ಹೇಳಿಕೊಟ್ಟ.

ಮೇಸ್ತ್ರಿ ವಕೀಲೆಯ ಎದುರು ಕುರ್ಚಿಯ ತುದಿಯಲ್ಲಿ ಕೂತ. ಮಾಲೀಕರು ನಿಮಗೇನಾಗಬೇಕು ಎಂದು ಆಕೆ ಕೇಳಿದ್ದಕ್ಕೆ ಕಣ್ಣು ಮಿಟುಕಿಸದೆ, ಏನೂ ಆಗಬೇಕಿಲ್ಲ, ಕೆಲಸ ಕೊಟ್ಟವರು ಎಂದ. ಆಕೆ ಬರೆದುಕೊಂಡಳು. ಸದ್ಯ, ಬದುಕಿದೆ ಎಂದುಕೊಂಡು ಮಾಲೀಕ ಹಣೆ ಒರೆಸಿಕೊಂಡ.

ಆದರೆ ಆಕೆ ಕೆಲಸಗಾರರ ಪಟ್ಟಿ ತಿರುವಿದಳು. ಮೇಸ್ತ್ರಿಯ ಹೆಸರಿನ ಮುಂದೆ ತಾಯಿಯ ಹೆಸರಷ್ಟೇ ಇತ್ತು. ತಂದೆಯ ಹೆಸರೇನು ಎಂದು ಕೇಳಿದಳು.

ಮೇಸ್ತ್ರಿ ಪಟ್ಟಿಯಲ್ಲಿದ್ದ ತಾಯಿಯ ಹೆಸರನ್ನೇ ನೋಡಿದ. ಏನೋ ಒಂದು ಹೆಸರು ಒದರಬಾರದೇ, ಲೋಕದಲ್ಲಿ ಹೆಸರಿಗೇನು ಬರವೇ ಎಂದು ಮಾಲೀಕ ಒಳಗೊಳಗೇ ಹಲ್ಲು ಕಡಿದ. ಆಕೆ ಪೆನ್ನು ಎತ್ತಿಕೊಂಡಳು.

"ತಂದೆ ಯಾರೂಂತ ಗೊತ್ತಿಲ್ಲ ಅಂತ ಬರೀಲಾ?"

ಆಕೆ ಒರಟಾಗಿಯೇನೂ ಕೇಳಿರಲಿಲ್ಲ. ಆದರೂ ಮೇಸ್ತ್ರಿಯ ಮುಖ ಕಿವಿಯ ತನಕ ಕೆಂಪಾಯಿತು. ಅದು ಅವನನ್ನು ಹೆತ್ತವಳಿಗೆ ತಗಲುವ ಮಾತು. ಅವನು ಒಮ್ಮೆಯೂ ಮಾಲೀಕನ ಕಡೆ ನೋಡಲಿಲ್ಲ. ಅಂಗೈಗೆ ಅಂಟಿದ ಪ್ಲಾಸ್ಟಿಕ್ಕಿನ ಚೂರನ್ನು ಉಗುರಿನಿಂದ ಕೆರೆದು ತೆಗೆದ.

"ಬರ್ಕೊಳ್ಳಿ ಮೇಡಂ," ಎಂದ, ತಲೆ ತಗ್ಗಿಸಿ.

ಆಕೆಯ ಪೆನ್ನು ಕಾಗದ ಮುಟ್ಟಿತು. ಮಾಲೀಕ ಒಂದೇ ಒಂದು ಕ್ಷಣ ಬಾಯಿ ಬಿಗಿಹಿಡಿದಿದ್ದರೆ ಸಾಕಿತ್ತು, ಅವನು ಗೆದ್ದಿದ್ದ. ಅವನು ಕೈ ಚಾಚಿ ಆ ಪುಟದ ಮೇಲಿಟ್ಟ.

"ಹಾಗೆ ಬರೀಬೇಡಿ. ಅವನಪ್ಪ ನಮ್ಮಪ್ಪನೇ. ಇವನು ನನ್ನ ತಮ್ಮ."

ವಕೀಲೆ ಇಬ್ಬರನ್ನೂ ನೋಡಿದಳು. ಬರೆದದ್ದನ್ನು ಹೊಡೆದುಹಾಕಿ, ಪುಟವನ್ನು ಹೊಸದಾಗಿ ಮಾಡಬೇಕು, ಪುಸ್ತಕ ಇವತ್ತು ಹೋಗುವುದು ಅನುಮಾನ ಎಂದಳು. ಹೋಗದಿದ್ದರೆ ಬೇಡ ಎಂದ ಮಾಲೀಕ. ಹಾಗಂದ ಮೇಲೆ ತಾನೇ ಬೆಚ್ಚಿದ.

ಮೇಸ್ತ್ರಿ ಎದ್ದು ಹೊರಟ. ಮಾಲೀಕ ಮೆಟ್ಟಿಲ ಬಳಿ ಅವನನ್ನು ಹಿಡಿದ. ಮಾಡಿದ ತಪ್ಪನ್ನೆಲ್ಲ ಒಂದೇ ಏಟಿಗೆ ಬಡ್ಡಿ ಸಮೇತ ತೀರಿಸಿಬಿಟ್ಟೆ ಎಂಬ ಹುರುಪು ಅವನಿಗೆ. ಕಣ್ಣು ತುಂಬಿಕೊಂಡು, ತಮ್ಮನ ಹೆಗಲ ಮೇಲೆ ಕೈಯಿಟ್ಟ.

"ಇನ್ಮೇಲೆ ಸಾರ್ ಗೀರ್ ಎಲ್ಲ ಬಿಟ್ಟು ಎಲ್ಲರ ಹಾಗೆ ನೀನೂ ಅಣ್ಣ ಅನ್ನು."

ಮೇಸ್ತ್ರಿ ಆ ಕೈಯನ್ನು ಮೆಲ್ಲಗೆ ಇಳಿಸಿದ.

"ಎಲ್ಲರ ಹಾಗೆ ಅನ್ನೋದಾದ್ರೆ ಬೇಡ ಸಾರ್," ಎಂದು ಹೇಳಿ, ಯಂತ್ರದ ಕಡೆ ಇಳಿದು ಹೋದ.