ಅರಿಶಿನದ ಹೊಲಕ್ಕೆ ಚಪ್ಪಲಿ

ಶಿವರುದ್ರಮ್ಮನಿಗೆ ಹೇಸಿಗೆಯಾಗದ ವಸ್ತು ಈ ಭೂಮಿಯ ಮೇಲೆ ಬಲು ಕಡಿಮೆ. ಬಸ್ಸಿನ ಕಂಬಿ ಹೇಸಿಗೆ, ಹೋಟೆಲಿನ ಲೋಟ ಹೇಸಿಗೆ, ನೆಂಟರು ಕೂತು ಎದ್ದುಹೋದ ಚಾಪೆಯೂ ಹೇಸಿಗೆ. ಅಂಥವಳು ಇವತ್ತು ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ಬಸ್ಸಿನಲ್ಲಿ, ಮೊಮ್ಮಗಳ ಮಲದ ಡಬ್ಬಿಯನ್ನು ಕವರಿನ ಮೇಲೆ ಕವರು ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಬಸ್ಸು ಹಳ್ಳಕ್ಕೆ ಬಿದ್ದಾಗಲೆಲ್ಲ ಮುಚ್ಚಳ ಬಿಚ್ಚಿಕೊಂಡಿತೇನೋ ಎಂದು ಅದನ್ನು ಎರಡೂ ಕೈಯಲ್ಲಿ ಅದುಮಿ ಹಿಡಿಯುತ್ತಿದ್ದಳು. ಪಕ್ಕದಲ್ಲಿ ಮಗ ದಿಲೀಪ. ಅವನ ಹೆಗಲ ಮೇಲೆ ಅವನ ಮಗಳು ನಯನಾ ಬಾಡಿದ ಸೊಪ್ಪಿನಂತೆ ಒರಗಿದ್ದಳು.

ನಯನಾ ಶಾಲೆಯ ಪ್ರಾರ್ಥನೆಗೆ ನಿಂತಲ್ಲೇ ಕುಸಿದು ಬಿದ್ದಿದ್ದಳು. ತುಟಿ ಬಿಳಿಚಿತ್ತು, ಕದ್ದುಮುಚ್ಚಿ ಮಣ್ಣು ತಿನ್ನುತ್ತಿದ್ದಳು. ಹುಳವಿರಬೇಕು ಎಂದು ಶಿವರುದ್ರಮ್ಮನಿಗೆ ಮೊದಲೇ ಅನುಮಾನವಿತ್ತು. ಆದರೆ ಭೀಮನಬೀಡಿನಲ್ಲಿ ದಿನಾ ಲಿಂಗಪೂಜೆ ನಡೆಯುವ ಮನೆಯ ಮಗುವಿಗೆ ಹುಳ ಅಂದರೆ ನಾಲ್ಕು ಜನ ಏನಂದಾರು? ಗುಂಡ್ಲುಪೇಟೆಯ ಮೆಡಿಕಲ್ ಸ್ಟೋರಿನಲ್ಲಿ ವಿಷ ಕೇಳುವವಳ ಹಾಗೆ ಪಿಸುಗುಟ್ಟಿ ಒಂದು ಮಾತ್ರೆ ತಂದು, ಬೆಲ್ಲದಲ್ಲಿ ಉಂಡೆ ಕಟ್ಟಿ ನುಂಗಿಸಿದ್ದಳು. ಕೆಲವು ದಿನ ಹುಡುಗಿ ಕುಣಿದಾಡಿದಳು. ಆಮೇಲೆ ಮತ್ತೆ ಅದೇ ಮೋರೆ, ಅದೇ ಮಣ್ಣು.

ಆಗ ಶಿವರುದ್ರಮ್ಮನ ಕಣ್ಣು ಬಿದ್ದದ್ದು ಹೊಲದ ಆಳು ರಾಚಮ್ಮನ ಮೇಲೆ. ಮಗುವನ್ನು ಎತ್ತಿ ಆಡಿಸುತ್ತಿದ್ದವಳು ಅವಳು. "ನೀನು ಇನ್ಮೇಲಿಂದ ಇತ್ತಿಲ್ಗೆ ಕಾಲಿಡ್ಬ್ಯಾಡ. ಮಗೀನ್ ಮುಟ್ಬ್ಯಾಡ. ಹೊಲದ್ ಕೆಲ್ಸ ಹೊಲ್ದಲ್ಲೆ ಮುಗಿಸ್ಕಂಡು ಓಗು," ಎಂದು ಎಲ್ಲರೆದುರು ಹೇಳಿಬಿಟ್ಟಿದ್ದಳು. ರಾಚಮ್ಮ ಸೆರಗಿಗೆ ಕೈ ಒರೆಸಿಕೊಂಡು ಹೋಗಿದ್ದಳು.

ಆಸ್ಪತ್ರೆಯ ಡಾಕ್ಟರು ಭಾನು ಮಧ್ಯಾಹ್ನದ ಹೊತ್ತಿಗೆ ರಿಪೋರ್ಟು ನೋಡಿದರು.

"ಒಂದು ಜಾತಿ ಹುಳ ಅಲ್ಲಮ್ಮ, ಎರಡಿವೆ. ಒಂದು ಕೊಕ್ಕೆ ಹುಳ, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತೆ. ಇನ್ನೊಂದು ಚಾಟಿ ಹುಳ, ಕರುಳಿನ ಗೋಡೆಯೊಳಗೇ ತಲೆ ತೂರಿಸಿಕೊಂಡು ಕೂತಿರುತ್ತೆ. ನೀವು ಕೊಟ್ಟ ಒಂಟಿ ಮಾತ್ರೆಗೆ ಅದು ಸುಲಭವಾಗಿ ಜಗ್ಗಲ್ಲ. ಅದಕ್ಕೇ ಎರಡು ಔಷಧಿ ಜೊತೆಗೆ ಕೊಡ್ತೀನಿ. ಮನೆಯವರೆಲ್ಲ ಪರೀಕ್ಷೆ ಮಾಡಿಸ್ಕೊಳ್ಳಿ."

ತಲೆ ತೂರಿಸಿಕೊಂಡು ಎಂದ ಕೂಡಲೇ ಶಿವರುದ್ರಮ್ಮನಿಗೆ ಓಕರಿಕೆ ಉಕ್ಕಿ ಬಂತು. ಬೆಳಿಗ್ಗೆ ತಿಂದ ಇಡ್ಲಿ ಗಂಟಲಿಗೆ ಬಂದು ವಾಪಸ್ಸು ಹೋಯಿತು.

"ನನ್ಗೂವಾ? ನಮ್ಮನೇದಲ್ಲ ಡಾಕ್ಟ್ರಮ್ಮ ಇದು. ಆಳ್ಗೋಳಿಂದ ಬಂದದ್ದು. ಹೊಲದ್ ಬದೀಲೆ ಕೂತ್ಕತ್ತವ."

"ಇಲ್ಲ ಕಣವ್ವ," ಎಂದ ದಿಲೀಪ. "ರಾಚಮ್ಮುನ್ ಮನೇಲಿ ಕಕ್ಕಸು ಅದ."

"ಯಾರಿಂದ ಬಂತು ಅನ್ನೋದು ಆಮೇಲೆ," ಎಂದರು ಭಾನು. "ಎಲ್ಲಿಂದ ಬಂತು ಅಂತ ಗೊತ್ತಾಗಬೇಕು. ಔಷಧಿ ಕೊಟ್ಟರೂ ಆ ದಾರಿ ಮುಚ್ಚದೆ ಹೋದರೆ ಮತ್ತೆ ಅಂಟುತ್ತೆ. ಇನ್ನೊಂದಿಷ್ಟು ರಕ್ತ ಇಳಿದರೆ ಮಗು ಜೀವಕ್ಕೇ ಅಪಾಯ. ನಿಮ್ಮ ಮನೆ ಕಕ್ಕಸು ಎಲ್ಲಿಗೆ ಹೋಗುತ್ತೆ?"

ದಿಲೀಪನ ಮುಖ ಅರಳಿತು. "ಗುಂಡಿಯಿಂದ ಪೈಪ್ ಎಳ್ದು ಅರಿಶಿನದ್ ಕಾಲ್ವೆಗೆ ಬುಟ್ಟಿವ್ನಿ ಮೇಡಮ್. ಒಳ್ಳೆ ಗೊಬ್ಬರ. ಈ ಸಲ ಬೆಳೆ ನೀವು ನೋಡ್ಬೇಕು, ಎದೆಮಟ್ಟ ನಿಂತದ!"

ಭಾನು ಪೆನ್ನು ಕೆಳಗಿಟ್ಟರು. "ಕೊಕ್ಕೆ ಹುಳ ಮಲ ಬೆರೆತ ಮಣ್ಣಿನಿಂದ ಅಂಗಾಲು ಕೊರೆದು ಒಳಗೆ ಹೋಗುತ್ತೆ, ಚಾಟಿ ಹುಳದ ಮೊಟ್ಟೆ ಆ ಮಣ್ಣಿನ ಜೊತೆ ಬಾಯಿಗೆ ಹೋಗುತ್ತೆ. ಆ ಹೊಲಕ್ಕೆ ಮಗು ಹೋಗುತ್ತಾ? ಬರಿಗಾಲಲ್ಲಿ?"

"ಅಜ್ಜೀನೆ ಚಪ್ಲಿ ಬುಡಿಸ್ತಾಳೆ," ಎಂದಳು ನಯನಾ.

ಬಿಡಿಸುತ್ತಿದ್ದಳು, ಹೌದು. ಅರಿಶಿನವೆಂದರೆ ಗೌರಿ. ಕೆನ್ನೆಗೆ ಹಚ್ಚುವುದು, ತಾಳಿಗೆ ಹಚ್ಚುವುದು. ಅದು ಬೆಳೆಯುವ ಮಣ್ಣಿಗೆ ಮೆಟ್ಟು ಮೆಟ್ಟಿಕೊಂಡು ಹೋಗುವುದುಂಟೇ? ಬದುವಿನ ಮೇಲೆ ಮಗುವಿನ ಚಪ್ಪಲಿ ತೆಗೆಸಿ, ಕೈ ಮುಗಿಸಿ, ಒಳಗೆ ಕರೆದುಕೊಂಡು ಹೋಗುತ್ತಿದ್ದವಳು ಅವಳೇ. ಸಾಲಿನ ನಡುವೆ ಬೆಳೆದ ಸಣ್ಣ ಈರುಳ್ಳಿ ಕಿತ್ತು, ಸೆರಗಿನಲ್ಲಿ ಒರೆಸಿ, ಮಗುವಿನ ಬಾಯಿಗಿಟ್ಟವಳೂ ಅವಳೇ. ಪೈಪಿನ ವಿಷಯ ಅವಳಿಗೆ ಗೊತ್ತಿರಲಿಲ್ಲ. ಆದರೆ ಕಕ್ಕಸು ಕಟ್ಟಿಸಿದ ದಿನ ಹಿತ್ತಿಲಲ್ಲಿ ನಿಂತು ತಾನು ಕೂಗಿದ್ದು ಈಗ ಚೆನ್ನಾಗಿ ನೆನಪಾಯಿತು: "ಎತ್ತಗಾದ್ರೂ ಸಾಗ್ಸು ದಿಲೀಪ, ನನ್ ಮೂಗಿಗೆ ಮಾತ್ರ ನಾತ ಬರ್ಕೂಡ್ದು."

ಮೂಗಿಗೆ ಬರಲಿಲ್ಲ. ಮೊಮ್ಮಗಳ ಕರುಳಿಗೆ ಬಂದಿತ್ತು. ಶಿವರುದ್ರಮ್ಮನಿಗೆ ತನ್ನ ಅಂಗಾಲು, ತನ್ನ ನಾಲಗೆ, ಅಂದಂದೇ ಒಗೆದು ಉಟ್ಟ ತನ್ನ ಸೀರೆ, ಎಲ್ಲದರ ಮೇಲೂ ಅಸಹ್ಯವಾಯಿತು. ಹೊರಗೆ ಓಡಿಹೋಗಿ ನಲ್ಲಿಯ ಹತ್ತಿರ ಕಕ್ಕಿದಳು. ಕಕ್ಕಿದರೂ ಹಗುರವಾಗಲಿಲ್ಲ.

ಊರಿಗೆ ಬಂದವಳು ಮಗುವಿಗೆ ಎರಡೂ ಔಷಧಿ ಜೊತೆಯಲ್ಲೇ ನುಂಗಿಸಿ, ಬಾಯಿ ತೆರೆಸಿ ನಾಲಗೆಯಡಿಯೂ ನೋಡಿದಳು. ದಿಲೀಪನನ್ನು ಪೈಪು ಕೀಳಲು ಅಟ್ಟಿದಳು. ಆಮೇಲೆ ಅವನ ಹಳೆಯ ಚಪ್ಪಲಿ ಮೆಟ್ಟಿಕೊಂಡು ಹೊಲದ ಕಡೆಗೆ ನಡೆದಳು.

ರಾಚಮ್ಮ ಕಾಲುವೆಯ ಬಾಯಲ್ಲೇ ಕಳೆ ಕೀಳುತ್ತಿದ್ದಳು. ಕಣಕಾಲಿನವರೆಗೆ ಕಪ್ಪು ಕೆಸರು. ಅರಿಶಿನದ ಸಾಲಿನಲ್ಲಿ ಚಪ್ಪಲಿ ಸದ್ದು ಕೇಳಿ ತಲೆ ಎತ್ತಿದವಳೇ ಗಾಬರಿಯಾದಳು.

"ಅಯ್ಯೋ, ಕಾಲಲ್ಲಿ ಚಪ್ಲಿ ಅದ ಅಮ್ಮಾವ್ರೇ! ಗೌರಿ ಹೊಲ!"

"ಮೊದ್ಲು ಮ್ಯಾಕ್ ಬಾ ರಾಚಮ್ಮ."

"ಯಾಕ್ರವ್ವಾ? ನಾನೇನ್ ಮಾಡ್ದಿ? ಮಗೀನ್ ಹತ್ರಕ್ಕೂ ಓಗಿಲ್ಲ ನಾನು."

ಶಿವರುದ್ರಮ್ಮ ಆ ಕೆಸರು ಕಾಲನ್ನು ನೋಡಿದಳು. ಅಷ್ಟು ದಿನ ಇವಳ ಕೈಯ ಕೊಳೆ ತನ್ನ ಮಗುವಿಗೆ ತಾಗಿತೆಂದು ಹಿತ್ತಿಲಿನಿಂದ ಅಟ್ಟಿದ್ದಳು. ಹೇಳುವ ಮಾತು ನಾಲಗೆಗೆ ಬಂದು ನಿಂತಿತು. ಅದೂ ಹೇಸಿಗೆಯೇ, ಆದರೆ ಅದನ್ನು ನುಂಗುವ ಹಾಗಿರಲಿಲ್ಲ.

"ನೀನೇನೂ ಮಾಡ್ನಿಲ್ಲ ಕಣವ್ವ," ಎಂದಳು. "ನೀನು ನಿಂತಿರೋದು ನಮ್ಮನೆ ಹೇಲ್ನಲ್ಲಿ."